ತೋಟದ ಆಳು, ಊರಿನ ಓಟು



2024ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗಿನವರು ಏಪ್ರಿಲ್ 26ರಂದು ಮತ ಹಾಕಿದರು. ಈ ತೋಟಗಳ ಲೈನಿನಲ್ಲಿರುವ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಆಳುಗಳ ಸರದಿ ಬಂದದ್ದು ಮೇ 7ರಂದು. ಮೊದಲಿನ ಎರಡು ಕ್ಷೇತ್ರಗಳು ಕೊಪ್ಪಳ ಲೋಕಸಭೆಗೂ ಲಿಂಗಸುಗೂರು ರಾಯಚೂರಿಗೂ ಸೇರಿವೆ. "ನಮ್ಮಲ್ಲಿ ಓಟು ಮುಗಿಯಿತಲ್ಲ, ಇವರಿಗೆ ಇನ್ನೇತರ ರಜೆ? ಬೇಕಿದ್ದರೆ ಅಂಚೆಯಲ್ಲಿ ಕಳಿಸಲಿ" ಎನ್ನುವ ಮಾಲೀಕರುಂಟು. ಆ ಮಾತು ಎರಡೂ ಕಡೆ ತಪ್ಪು.

ಅಂಚೆ ಮತಪತ್ರ ಎಲ್ಲರಿಗೂ ಇಲ್ಲ. ಸೈನಿಕರು, ಚುನಾವಣಾ ಕರ್ತವ್ಯದ ನೌಕರರು, ಆಯೋಗ ಗೊತ್ತುಪಡಿಸಿದ ಅಗತ್ಯ ಸೇವೆಯವರು ಮುಂತಾದವರಿಗೆ ಮಾತ್ರ ಉಂಟು. ಗೊರೇಬಾಳದಿಂದ ಕಾಫಿ ಕೊಯ್ಲಿಗೋ ಮರಗಸಿಗೋ ಬಂದ ಕೂಲಿಕಾರ ಈ ಪಟ್ಟಿಯಲ್ಲಿಲ್ಲ. ಇಂಥ ವಲಸೆಗಾರರಿಗಾಗಿ ದೂರದಿಂದಲೇ ಮತ ಹಾಕುವ ಯಂತ್ರವೊಂದನ್ನು ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿ ಪಕ್ಷಗಳ ಮುಂದಿಟ್ಟಿತು. 2024ರ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ. ಆದುದರಿಂದ ಆತ ತನ್ನೂರಿನ ಮತಗಟ್ಟೆಗೇ ಹೋಗಬೇಕು.

ವರ್ಷವಿಡೀ ಸಂಸಾರ ಸಮೇತ ತೋಟದಲ್ಲೇ ನೆಲೆಸಿರುವವರು ನಮೂನೆ 8 ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಹಂಗಾಮಿಗೆ ಬಂದು ಹೋಗುವವರನ್ನು ಹಾಗೆ ಒತ್ತಾಯಿಸತಕ್ಕದ್ದಲ್ಲ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಊರಿನ ವಾಸ ಹೋಗುವುದಿಲ್ಲ. ಎರಡು ಕಡೆ ಹೆಸರು ಇರುವುದಂತೂ ಕಾನೂನಿಗೆ ವಿರುದ್ಧ.

ಇನ್ನು ರಜೆಯ ವಿಷಯ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಕೂಲಿ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ. ತಪ್ಪಿದ ಮಾಲೀಕನಿಗೆ 500 ರೂಪಾಯಿವರೆಗೆ ದಂಡ. ಲೆಕ್ಕಕ್ಕೆ ಬರುವುದು ಆಳಿನ ಕ್ಷೇತ್ರದ ದಿನ, ತೋಟವಿರುವ ಕ್ಷೇತ್ರದ ದಿನವಲ್ಲ. 2021ರ ಏಪ್ರಿಲ್ 17ರಂದು ಮಸ್ಕಿಯಲ್ಲಿ ವಿಧಾನಸಭಾ ಉಪಚುನಾವಣೆ ನಡೆಯಿತು. ಅಂಥ ದಿನ ನಮ್ಮಲ್ಲಿ ಚುನಾವಣೆಯ ಸುಳಿವೇ ಇರದಿದ್ದರೂ ಮಸ್ಕಿಯ ಮತದಾರನಿಗೆ ರಜೆ ಸಲ್ಲುತ್ತದೆ. ಆತ ಇಲ್ಲದಿದ್ದರೆ ಅಪಾಯ ಅಥವಾ ಭಾರಿ ನಷ್ಟ ಆಗುವಂಥ ಕೆಲಸಕ್ಕೆ ಮಾತ್ರ ವಿನಾಯಿತಿಯುಂಟು. ಮರಗಸಿಯನ್ನು ಆ ಸಾಲಿಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಈ ಕಲಮು ಒಂದು ದಿನದ ಮಾತಷ್ಟೇ ಆಡುತ್ತದೆ. ಆದರೆ ಮಲೆನಾಡಿನಿಂದ ಗೊರೇಬಾಳವೆಂದರೆ ರಾತ್ರಿಯಿಡೀ ಬಸ್ಸು. ಹೋಗಿಬರುವ ದಿನಗಳಿಗೆ ಕೂಲಿಯಿಲ್ಲದ ರಜೆಯನ್ನಾದರೂ ಮುಖ ಸಿಂಡರಿಸದೆ ಕೊಡಿ, ಹೊರಡುವ ಮೊದಲೇ ಬಟವಾಡೆ ಮಾಡಿ.

ಹೊರಡುವವರು ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ. ಮತದಾರರ ಗುರುತಿನ ಚೀಟಿ ಇಲ್ಲದಿದ್ದರೆ ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ 2024ರಲ್ಲಿ ನಡೆಯುತ್ತಿದ್ದವು. ಬರೀ ಓಟರ್ ಸ್ಲಿಪ್ ಸಾಲದು. ಮತದಾನ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಮತ ಹಾಕಲು ಬಿಡಬೇಕು. ಬಸ್ಸು ತಡವಾದವರಿಗೆ ಇದು ತಿಳಿದಿರಲಿ. ತನ್ನ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದರೆ ಸುಮ್ಮನೆ ಹಿಂದಿರುಗಬಾರದು. ಗುರುತು ರುಜುವಾತಾದರೆ ಟೆಂಡರ್ ಮತಪತ್ರ ಕೇಳಿ ಪಡೆಯಬಹುದು.

ಊರಿನಲ್ಲಿ ಉಳಿದ ಮುದುಕರಿಗೆ ಮಾತ್ರ ಬೇರೆ ದಾರಿಯಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರು ಮನೆಯಲ್ಲೇ ಮತ ಹಾಕಬಹುದಿತ್ತು. 2024ರಲ್ಲಿ ಅದು 85ಕ್ಕೇರಿತು. ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದವರಿಗೂ ಉಂಟು. ಅಧಿಸೂಚನೆಯಾದ ಐದು ದಿನದೊಳಗೆ 12ಡಿ ನಮೂನೆ ಕೊಡಬೇಕು. ಅದು ಮಂಜೂರಾದ ಮೇಲೆ ಮತಗಟ್ಟೆಗೆ ಹೋದರೆ ಒಳಗೆ ಬಿಡುವುದಿಲ್ಲ.

ಮೇಸ್ತ್ರಿಗಳಿಗೆ ಹೇಳಿ, ಹಾಜರಿ ಪುಸ್ತಕದಲ್ಲಿ ಪ್ರತಿ ಆಳಿನ ಹೆಸರಿನ ಮುಂದೆ ಆತನ ಕ್ಷೇತ್ರವನ್ನು ಈಗಲೇ ಬರೆಸಿಡಿ.

— ಕಾರ್ಯದರ್ಶಿ