ಗುರುವನ್ನು ಕಾಣಲು ಶಿಷ್ಯನನ್ನು ನೋಡಿ

ಕಥೆ, ಕಾದಂಬರಿ, ಸಿನಿಮಾಗಳಲ್ಲಿ ಬರುವ ಮೇಷ್ಟ್ರುಗಳ ಬಗ್ಗೆ ನೀವು ಈವರೆಗೆ ವಿಶೇಷವಾಗಿ ಯೋಚಿಸಿರಲಿಕ್ಕಿಲ್ಲ. ಚಿಂತೆಯಿಲ್ಲ. ಒಂದು ಕಾದಂಬರಿಯನ್ನು ಕುತೂಹಲದಿಂದ ಓದಬಲ್ಲಿರಿ, ಒಂದು ಸಿನಿಮಾವನ್ನು ಕೊನೆಯವರೆಗೆ ಕೂತು ನೋಡಬಲ್ಲಿರಿ ಎಂದಾದರೆ ಇಲ್ಲಿಗೆ ಬೇಕಾದ ಸಿದ್ಧತೆ ನಿಮ್ಮಲ್ಲಿದೆ. ಉಳಿದದ್ದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ನಮಗೆ ಪಾಠ ಹೇಳಿದ ಗುರುಗಳನ್ನು ನಾವು ಕಂಡದ್ದು ತರಗತಿಯ ನಾಲ್ಕು ಗೋಡೆಗಳ ನಡುವೆ. ಅವರು ಮನೆಗೆ ಹೋಗಿ ನಮ್ಮ ಬಗ್ಗೆ ಏನೆಂದರೋ, ಯಾವ ಮಾತು ಆಡಿ ಆಮೇಲೆ ನೊಂದುಕೊಂಡರೋ ನಮಗೆ ತಿಳಿಯದು. ಅವರು ಆಡಿದ ಒಂದು ಮಾತು ಹತ್ತು ವರ್ಷಗಳ ನಂತರ ಯಾವ ವಿದ್ಯಾರ್ಥಿಯ ಬಾಳಿನಲ್ಲಿ ಏನು ಮಾಡಿತು ಎಂಬುದು ಅವರಿಗೂ ತಿಳಿದಿರುವುದಿಲ್ಲ. ಕಥೆಯಲ್ಲಿ ಮಾತ್ರ ಇದೆಲ್ಲವೂ ಕಣ್ಣೆದುರು ನಡೆಯುತ್ತದೆ. ಮಾತು ಹೊರಟ ಜಾಗವನ್ನೂ ಅದು ಹೋಗಿ ತಲುಪಿದ ಜಾಗವನ್ನೂ ನೀವು ನೋಡಬಹುದು. ಇದಕ್ಕಾಗಿಯೇ ನಾನು ವರ್ಷಗಳಿಂದ ಕಥೆಯ ಗುರುಗಳ ಹಿಂದೆ ಬಿದ್ದಿದ್ದೇನೆ.

ಹೊಸದಾಗಿ ಓದುವವರು ಸಾಮಾನ್ಯವಾಗಿ ಗುರು ಆಡಿದ ಒಳ್ಳೆಯ ಮಾತುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ನಾನೂ ಎಳೆಯುತ್ತಿದ್ದೆ. ಈಗ ನನ್ನ ವಿದ್ಯಾರ್ಥಿಗಳಿಗೆ ಬೇರೆ ಅಭ್ಯಾಸ ಹೇಳಿಕೊಡುತ್ತೇನೆ: ಗುರು ಮಾತಾಡುವಾಗ ಶಿಷ್ಯನ ಕಡೆ ನೋಡಿ. ಇದನ್ನು ಕೈಯಾರೆ ಮಾಡಿ ನೋಡಲು ಎರಡು ಕೃತಿಗಳನ್ನು ಆರಿಸಿಕೊಳ್ಳೋಣ.

ಮೊದಲನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಪ್ರಕಟವಾದ ಚಿಕ್ಕ ಕಾದಂಬರಿ. ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದು. ಇದಕ್ಕೊಬ್ಬ ನಿರೂಪಕನಿದ್ದಾನೆ. ನಿರೂಪಕ ಎಂದರೆ ‘ನಾನು’ ಎಂದು ಕಥೆ ಹೇಳುತ್ತಾ ಹೋಗುವ ಪಾತ್ರ. ಅವನು ಲೇಖಕನನ್ನೇ ಹೋಲಬಹುದು, ಇಲ್ಲಿ ಬಹಳ ಮಟ್ಟಿಗೆ ಹೋಲುತ್ತಾನೆ ಕೂಡ. ಆದರೂ ಅವನನ್ನು ಒಂದು ಪಾತ್ರವೆಂದೇ ಎಣಿಸಿ ಓದುವುದು ಕ್ಷೇಮ. ಮೂಡಿಗೆರೆಯ ಸುತ್ತಿನ ಮಲೆನಾಡಿನಲ್ಲಿ ಈ ನಿರೂಪಕ ತೋಟ ಮಾಡಿಕೊಂಡಿದ್ದಾನೆ. ಬೇಸಾಯದ ರಗಳೆಗಳಿಂದ ಬೇಸತ್ತಿದ್ದಾನೆ. ಜೇನು ಕೊಳ್ಳಲು ಹೋದ ಕಡೆ ಅವನಿಗೆ ಮಂದಣ್ಣ ಎಂಬ ಹುಡುಗನ ಪರಿಚಯವಾಗುತ್ತದೆ.

ಮಂದಣ್ಣನನ್ನು ಊರು ಯಾವ ಲೆಕ್ಕಕ್ಕೂ ಹಿಡಿದಿಲ್ಲ. ಓದು ಅಷ್ಟಕ್ಕಷ್ಟೆ. ಒಂದು ಸರ್ಕಾರಿ ಕೆಲಸ ಸಿಕ್ಕಿ ಮದುವೆಯಾದರೆ ಸಾಕು ಎಂಬುದು ಅವನ ಆಸೆ. ಜೇನಿನ ವಿಷಯದಲ್ಲಿ ಮಾತ್ರ ಅವನು ಪಳಗಿದವನು. ಇಂಥವನ ಜೊತೆ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿ ಓಡಾಡುತ್ತಾರೆ, ಅವನ ಮಾತಿಗೆ ಕಿವಿಗೊಡುತ್ತಾರೆ. ನಿರೂಪಕನಿಗೆ ಇದು ಅರ್ಥವೇ ಆಗುವುದಿಲ್ಲ. ಓದುವ ನಮಗೂ ಆಗುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ನಾವು ಮಂದಣ್ಣನನ್ನು ನೋಡಿದ್ದು ನಿರೂಪಕನ ಕಣ್ಣಿನಿಂದ.

ಕಾರಣ ಹೊರಬೀಳುವುದು ಒಂದು ಓತಿಕ್ಯಾತದ ಮೂಲಕ. ಹಾರುವ ಓತಿಯೊಂದನ್ನು ಮಂದಣ್ಣ ಕಾಡಿನಲ್ಲಿ ಕಂಡಿದ್ದಾನೆ. ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ನಿಜವಾಗಿಯೂ ಇದೆ. ಅದರ ಪಕ್ಕೆಲುಬುಗಳು ಮೈಯಿಂದಾಚೆಗೆ ಚಾಚಿಕೊಳ್ಳುತ್ತವೆ, ಅವುಗಳ ಮೇಲಿನ ತೆಳು ಚರ್ಮ ಛತ್ರಿಯ ಬಟ್ಟೆಯಂತೆ ಬಿಚ್ಚಿಕೊಳ್ಳುತ್ತದೆ, ಅದು ಮರದಿಂದ ಮರಕ್ಕೆ ತೇಲಿಹೋಗುತ್ತದೆ. ಕಾದಂಬರಿಯಲ್ಲಿ ಇದೇ ಓತಿ ಜೀವವಿಕಾಸದ ರಹಸ್ಯವನ್ನೇ ಹೊತ್ತ ಅಪರೂಪದ ಪ್ರಾಣಿಯಾಗಿ ಬೆಳೆಯುತ್ತದೆ. ಈಗ ಊಹಿಸಿಕೊಳ್ಳಿ: ಊರಿಗೆಲ್ಲ ದಡ್ಡನೆನಿಸಿದ ಹುಡುಗನೊಬ್ಬ ನಿಮ್ಮೆದುರು ನಿಂತು, ರೆಕ್ಕೆ ಇರುವ ಓತಿಕ್ಯಾತ ನೋಡಿದೆ ಎನ್ನುತ್ತಾನೆ. ನೀವು ಏನು ಮಾಡುತ್ತೀರಿ? ನಕ್ಕುಬಿಡಬಹುದು. ಕನಿಕರದಿಂದ, ಅದು ಹಕ್ಕಿ ಇರಬೇಕಪ್ಪಾ ಎಂದು ತಿದ್ದಬಹುದು. ತಿದ್ದುವುದು ಮೇಷ್ಟ್ರುಗಳಾದ ನಮಗೆ ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ ಮಗುವಿನ ವಾಕ್ಯ ಮುಗಿಯುವಷ್ಟರಲ್ಲಿ ಕೆಂಪು ಪೆನ್ನು ಹೊರಬಂದಿರುತ್ತದೆ. ಕರ್ವಾಲೊ ತಿದ್ದುವುದಿಲ್ಲ. ಹುಡುಗ ಕಂಡದ್ದನ್ನು ಕಂಡದ್ದೆಂದೇ ತೆಗೆದುಕೊಂಡು, ಅದನ್ನು ಹುಡುಕಲು ಅವನನ್ನೇ ಮುಂದಿಟ್ಟುಕೊಂಡು ಕಾಡಿಗೆ ಹೊರಡುತ್ತಾರೆ. ಮಂದಣ್ಣ ಹುಟ್ಟು ಪ್ರಕೃತಿವೀಕ್ಷಕನೆಂಬುದು, ಅಂದರೆ ಯಾರೂ ಕಲಿಸದೆಯೇ ಸುತ್ತಲಿನ ಜೀವಗಳನ್ನು ಸೂಕ್ಷ್ಮವಾಗಿ ಗಮನಿಸಬಲ್ಲವನೆಂಬುದು, ಅವರಿಗೆ ಗೊತ್ತಿದೆ.

ಒಮ್ಮೆ ತರಗತಿಯಲ್ಲಿ ಈ ಕಾದಂಬರಿಯನ್ನು ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಕರ್ವಾಲೊ ಮಂದಣ್ಣನಿಗೆ ಏನು ಕಲಿಸಿದರು? ಅವನು ಮೊದಲೂ ಹಾಗೇ ಇದ್ದ, ಆಮೇಲೂ ಹಾಗೇ ಇದ್ದಾನಲ್ಲ?” ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ, ನಾಳೆ ಹೇಳುತ್ತೇನೆ ಎಂದೆ. ರಾತ್ರಿ ಪುಸ್ತಕವನ್ನು ಮತ್ತೆ ತಿರುವಿ ಹಾಕಿದಾಗ ಅವಳ ಪ್ರಶ್ನೆಯಲ್ಲೇ ಉತ್ತರ ಇದ್ದದ್ದು ಕಂಡಿತು. ಮಂದಣ್ಣ ಬದಲಾಗಿರಲಿಲ್ಲ, ಅವನನ್ನು ನೋಡುವ ನಿರೂಪಕನ ಕಣ್ಣು ಬದಲಾಗಿತ್ತು. ಕರ್ವಾಲೊ ಅವರ ನಿಜವಾದ ಶಿಷ್ಯ ಕಥೆ ಹೇಳುತ್ತಿರುವವನೇ. ತೋಟದ ತಾಪತ್ರಯದಲ್ಲಿ ಮುಳುಗಿದ್ದವನು ಕೊನೆಯ ಹೊತ್ತಿಗೆ ಬಂಡೆಯಂಚಿನಲ್ಲಿ ಉಸಿರು ಬಿಗಿಹಿಡಿದು ಒಂದು ಓತಿಕ್ಯಾತವನ್ನು ನೋಡುತ್ತಾ ನಿಂತಿರುತ್ತಾನೆ. ಅದು ಕೈಗೆ ಸಿಗುವುದಿಲ್ಲ. ಕಣಿವೆಯೊಳಕ್ಕೆ ಹಾರಿ ಮರೆಯಾಗುತ್ತದೆ. ಆದರೂ ಓದಿದವರಿಗೆ ಆ ಪ್ರಯಾಣ ದಂಡವಾಯಿತೆಂದು ಅನಿಸುವುದೇ ಇಲ್ಲ. ಇಡೀ ಕಾದಂಬರಿಯಲ್ಲಿ ನನಗೆ ತುಂಬ ಪ್ರಿಯವಾದ ಗಳಿಗೆ ಅದು.

ಎರಡನೆಯವರು ನಿಮಗೆ ಈಗಾಗಲೇ ಗೊತ್ತಿರಬಹುದು: ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಚಿತ್ರ. ರಾಮಾಚಾರಿಯಾಗಿ ವಿಷ್ಣುವರ್ಧನ್, ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್. ಚಿತ್ರದುರ್ಗದ ಕೋಟೆ, ಬಂಡೆಗಳ ನಡುವೆ ನಡೆಯುವ ಕಥೆ. ರಾಮಾಚಾರಿ ಮಹಾ ಸಿಟ್ಟಿನ ಹುಡುಗ, ಅವಮಾನವನ್ನು ಸಹಿಸಲಾರ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು, ಶಿಕ್ಷಿಸಿದ ಪ್ರಿನ್ಸಿಪಾಲರ ಮೇಲೆ ಹಗೆ ತೀರಿಸಿಕೊಳ್ಳುವಂಥವನು. ಹೆತ್ತ ತಂದೆಗೇ ಅವನು ಬೇಡ. ಅವನು ತಲೆಬಾಗುವುದು ತನಗೆ ಅಕ್ಷರ ಕಲಿಸಿದ ಚಾಮಯ್ಯ ಮೇಷ್ಟ್ರಿಗೆ ಮಾತ್ರ. ಮಕ್ಕಳಿಲ್ಲದ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ ಅವನನ್ನು ಮಗನಂತೆ ಕಾಣುತ್ತಾರೆ.

ಈ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿಲ್ಲ ಎಂಬುದನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ನಡೆಯುವುದು ಕಷ್ಟದ ಪಾಠ. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಅವಳನ್ನು ಮರೆತುಬಿಡು ಎಂದು ಮೇಷ್ಟ್ರು ಹೇಳುತ್ತಾರೆ. ಈಗ ನಮ್ಮ ಅಭ್ಯಾಸದಂತೆ ಶಿಷ್ಯನ ಕಡೆ ನೋಡಿ. ಮೇಷ್ಟ್ರ ಮಾತು ಸರಿ ಎಂದು ರಾಮಾಚಾರಿಗೆ ಒಪ್ಪಿಗೆಯಾಗಿದೆಯೇ? ಇಲ್ಲ. ಹೇಳಿದವರು ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಬಿಟ್ಟುಕೊಡುತ್ತಾನೆ. ಅಲಮೇಲುವಿಗೆ ಬೇರೆ ಕಡೆ ಮದುವೆಯಾಗಿ, ಅವಳ ಬಾಳು ಹಾಳಾಗುತ್ತದೆ. ಮುಂದೆ ರಾಮಾಚಾರಿಗೆ ಅವಳು ಎದುರಾಗುವುದು ಮೈ ಮಾರಿಕೊಳ್ಳಬೇಕಾದ ಸ್ಥಿತಿಯಲ್ಲಿ. ಆಮೇಲೆ ಅವನು ಮಾರ್ಗರೆಟ್ ಎಂಬ ಕ್ರೈಸ್ತ ಹುಡುಗಿಯ ಕೈಹಿಡಿಯಲು ಹೊರಟಾಗ ಮೇಷ್ಟ್ರು ಮತ್ತೆ ಅದೇ ತ್ಯಾಗವನ್ನು ಕೇಳುತ್ತಾರೆ. ಈ ಸಲ ಶಿಷ್ಯ ಒಪ್ಪುವುದಿಲ್ಲ. ಬೆಟ್ಟದ ಅಂಚಿನಲ್ಲಿ ನಡೆಯುವ ಆ ಜಗಳದ ಕೊನೆಗೆ ಮೇಷ್ಟ್ರು ಬಿದ್ದು ಸಾಯುತ್ತಾರೆ. ರಾಮಾಚಾರಿ, ಮಾರ್ಗರೆಟ್ ಕೂಡ ಅಲ್ಲಿಂದಲೇ ಹಾರಿಕೊಳ್ಳುತ್ತಾರೆ.

ಚಾಮಯ್ಯ ಮೇಷ್ಟ್ರನ್ನು ಆದರ್ಶ ಗುರುವೆಂದು ಎಲ್ಲರೂ ಹೊಗಳುತ್ತಾರೆ, ನನಗೂ ಅವರೆಂದರೆ ಕಣ್ಣು ತುಂಬುತ್ತದೆ. ಆದರೂ ನಾನು ಅವರನ್ನು ಮತ್ತೆ ಮತ್ತೆ ನೋಡುವುದು ಅವರ ತಪ್ಪಿಗಾಗಿ. ಹುಡುಗ ತಮ್ಮ ಮೇಲಿಟ್ಟ ವಿಶ್ವಾಸವನ್ನು ಅವರು ಊರಿನ ಮಾನಕ್ಕೆ, ಜಾತಿಯ ಕಟ್ಟಳೆಗೆ ಖರ್ಚು ಮಾಡಿದರು. ವಿದ್ಯಾರ್ಥಿ ನಮ್ಮ ಮಾತನ್ನು ಮೀರುವುದಿಲ್ಲ ಎಂದು ಗೊತ್ತಾದ ಮೇಲೆ, ಯಾವ ಮಾತನ್ನು ಆಡಬಾರದು ಎಂಬುದನ್ನು ಮೇಷ್ಟ್ರೇ ಯೋಚಿಸಬೇಕಾಗುತ್ತದೆ. ಈ ಪಾಠ ನನಗೆ ಯಾವ ತರಬೇತಿಯಲ್ಲೂ ಸಿಗಲಿಲ್ಲ.

ಇದರ ಬೇರು ಬಹಳ ಹಳೆಯದು. ಏಕಲವ್ಯನ ಹೆಬ್ಬೆರಳನ್ನು ದ್ರೋಣ ಗುರುದಕ್ಷಿಣೆಯಾಗಿ, ಎಂದರೆ ವಿದ್ಯೆ ಕಲಿತದ್ದಕ್ಕೆ ಶಿಷ್ಯ ಒಪ್ಪಿಸುವ ಕಾಣಿಕೆಯಾಗಿ, ಕೇಳಿದ್ದು ನಿಮಗೆ ಗೊತ್ತು. ಕುವೆಂಪು ಈ ಕಥೆಯನ್ನು ‘ಬೆರಳ್‌ಗೆ ಕೊರಳ್’ ನಾಟಕವಾಗಿ ಬರೆದರು; ಬೆರಳನ್ನು ಕೇಳಿದವನು ಕೊರಳನ್ನೇ ತೆರಬೇಕಾಗುತ್ತದೆ ಎಂಬ ಸೂಚನೆ ಹೆಸರಿನಲ್ಲೇ ಇದೆ. ಶಿಷ್ಯನಿಂದ ಕಿತ್ತುಕೊಂಡ ಗುರುವಿನ ಕಥೆಯನ್ನು ತಂದೆ ಬರೆದರು; ಶಿಷ್ಯನಲ್ಲಿ ಇದ್ದದ್ದನ್ನು ಗುರುತಿಸಿದ ಗುರುವಿನ ಕಥೆಯನ್ನು ಮಗ ತೇಜಸ್ವಿ ಬರೆದರು. ಇವೆರಡನ್ನೂ ಒಟ್ಟಿಗೆ ಓದುವ ಸುಖ ನಿಮಗಿನ್ನೂ ಬಾಕಿಯಿದೆ ಎಂದು ನೆನೆದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಎಲ್ಲಿಂದ ಶುರು ಮಾಡಲಿ ಎಂದು ನೀವು ಕೇಳಿದರೆ, ‘ಕರ್ವಾಲೊ’ದಿಂದ ಎನ್ನುತ್ತೇನೆ. ಮೊದಲ ಓದಿನಲ್ಲಿ ಏನನ್ನೂ ಗುರುತು ಹಾಕಿಕೊಳ್ಳಬೇಡಿ, ಕಥೆಯ ಹಿಂದೆ ಸುಮ್ಮನೆ ಹೋಗಿ. ಎರಡನೆಯ ಓದಿಗೆ ಒಂದು ಪೆನ್ಸಿಲ್ ಇರಲಿ. ಮಂದಣ್ಣ ಮಾತಾಡುವ ಪುಟಗಳಲ್ಲೆಲ್ಲ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತಾ ಹೋಗಿ, ಪ್ರತಿ ಚುಕ್ಕೆಯ ಬಳಿ ಅವನ ಮಾತನ್ನು ಅಲ್ಲಿದ್ದವರು ಹೇಗೆ ಕೇಳಿಸಿಕೊಂಡರು ಎಂದು ಎರಡೇ ಪದಗಳಲ್ಲಿ ಬರೆಯಿರಿ. ಪುಸ್ತಕ ಮುಗಿದ ಮೇಲೆ ಮೊದಲ ಚುಕ್ಕೆಗೆ ಹಿಂತಿರುಗಿ. ಅಲ್ಲಿ ಅವನ ಬಗ್ಗೆ ನಿರೂಪಕನ ಜೊತೆ ನೀವೂ ಏನೆಂದುಕೊಂಡಿದ್ದಿರಿ ಎಂಬುದು ನಿಮ್ಮದೇ ಅಕ್ಷರದಲ್ಲಿ ಇರುತ್ತದೆ.