ಹಿತ್ತಿಲಿಗೊಂದು ನುಗ್ಗೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಸೀಮೆಯ ಗೊರೇಬಾಳದಲ್ಲಿ, ಶೀತದೇಶಗಳಿಗೆ ಒಗ್ಗಿದ ಹಾರ್ಸ್‌ರ್ಯಾಡಿಶ್ ಎಂಬ ಕಟುಗಂಧದ ಬೇರನ್ನು ಬೆಳೆಯಹೊರಡುವುದು ವ್ಯರ್ಥಶ್ರಮವೇ ಸರಿ. ಆದರೆ ಅಂತಹುದೇ ಘಾಟಿನ ಬೇರುಳ್ಳ, ಹಿಂದೆ ಆಂಗ್ಲರು ಅದಕ್ಕೆ ಬದಲಾಗಿ ಬಳಸುತ್ತಿದ್ದ ನುಗ್ಗೆಯು ಇಲ್ಲಿಯ ಬಿಸಿಲನ್ನು ಸಹಿಸಬಲ್ಲುದು. ಕಪ್ಪುಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ, ನೆಲವನ್ನು ದಿಬ್ಬವಾಗಿ ಏರಿಸಿ, ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ, ಮುಂಗಾರಿನ ಆರಂಭದಲ್ಲಿ ಬೀಜವನ್ನೂರಿರಿ. ಸಸಿಯು 2.5 ಅಡಿ ಬೆಳೆದಾಗ ಕುಡಿ ಚಿವುಟಿದರೆ ಕವಲುಗಳು ಒಡೆಯುವುವು, ಪೆರಿಯಕುಳಂನ ಪಿ.ಕೆ.ಎಂ.-1 ತಳಿಯಾದರೆ ಸುಮಾರು 6 ತಿಂಗಳಿಗೆ ಫಲ ಕೊಡುವುದು. ಕಾಯಿ ಬಲಿತು ನಾರಾಗುವ ಮುನ್ನವೇ ಕೊಯ್ದು, ಫಸಲು ಮುಗಿದ ಬಳಿಕ ಗಿಡವನ್ನು 3 ಅಡಿ ಎತ್ತರಕ್ಕೆ ಸವರಿರಿ. ಬೇರಿನ ತೊಗಟೆಯಲ್ಲಿ ವಿಷಾಂಶವಿರುವುದರಿಂದ, ಸೊಪ್ಪು, ಹೂ, ಕಾಯಿಗಳಷ್ಟೇ ಅಡುಗೆಮನೆಯನ್ನು ಸೇರಲಿ. ಬೇರನ್ನು ಮಾತ್ರ ಕೀಳದಿರಿ.