ಮಗಳ ವಯಸ್ಸು ಎಷ್ಟು?

ಆಳಂದ, ಅಫಜಲಪುರ, ಜೇವರ್ಗಿ ನಮ್ಮ ತಾಲ್ಲೂಕುಗಳು. ತೊಗರಿ ರಾಶಿ ಮುಗಿದರೆ ಲಗ್ನದ ಮಾತು ಶುರು.

ನಮ್ಮ ಕಲಿಕೆ ಕೇಂದ್ರಕ್ಕೆ ಬರುವ ಒಬ್ಬ ಅವ್ವ "ಮಗಳ ಲಗ್ನ ಅದ" ಅಂದಳು. ವಯಸ್ಸು ಕೇಳಿದೆವು. ಗೊತ್ತಿರಲಿಲ್ಲ. ಮರುದಿನ ಮಗಳ ಸಾಲಿ ದಾಖಲೆ ತಂದಳು. ಹುಟ್ಟಿದ ತಾರೀಖು ತಾನೇ ಓದಿದಳು. ಬೆರಳು ಮಡಚಿ ಎಣಿಸಿದಳು. ಬರೀ 15!

ಎಳೆ ಮೈ ಬಸಿರು ತಾಳದು. ತಾಯಿಗೆ ರಕ್ತ ಕಡಿಮೆ ಆಗಬಹುದು. ಕೂಸಿನ ತೂಕ ಕಡಿಮೆ ಇರಬಹುದು. ಇಬ್ಬರ ಜೀವಕ್ಕೂ ಅಪಾಯ.

2006ರ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ತಪ್ಪಿದರೆ ಲಗ್ನ ಮಾಡಿಸಿದವರಿಗೂ ಶಿಕ್ಷೆ ಉಂಟು. ಇಂಥ ಲಗ್ನ ಗೊತ್ತಾದರೆ 1098ಕ್ಕೆ ಫೋನ್ ಮಾಡೋಣ.

"ಇನ್ನ ಮೂರು ವರ್ಷ ಅದ. ಸಾಲಿಗಿ ಹೋಗ್ಲಿ" ಅಂದಳು ಅವ್ವ. ಲಗ್ನ ನಿಂತಿತು.

ನಿಮ್ಮ ಮಗಳ ವಯಸ್ಸು ಎಷ್ಟು? ಓದಿರಿ. ಎಣಿಸಿರಿ. ಬರೆಯಿರಿ.